ಮೇನ್ ಆಫ್ ಇದ್ದರೂ 227 ವೋಲ್ಟ್: ಮೆಟ್ಟಿಲ ಲೈಟಿನ ನ್ಯೂಟ್ರಲ್ ಬೇರ್ಪಡಿಸಿದ್ದು

ಮನೆಗೆ ಹೊಸದಾಗಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿ ಒಂಬತ್ತು ದಿನವಾಗಿತ್ತು. ಹಗಲೆಲ್ಲ ಏನೂ ತೊಂದರೆ ಇಲ್ಲ. ಕತ್ತಲಾಗುತ್ತಿದ್ದಂತೆ ಟಪ್ ಎಂದು ಬೀಳುತ್ತಿತ್ತು. ಮೇಲೆತ್ತಿದರೆ ಕೆಲವೊಮ್ಮೆ ನಿಲ್ಲುತ್ತಿತ್ತು, ಕೆಲವೊಮ್ಮೆ ಬೆರಳು ತೆಗೆಯುವ ಮುಂಚೆಯೇ ಮತ್ತೆ ಬೀಳುತ್ತಿತ್ತು. ಗೀಸರ್ ಆಫ್ ಮಾಡಿದೆ, ಫ್ರಿಜ್ ಪ್ಲಗ್ ಕಿತ್ತೆ, ಒಂದೊಂದು ಲೈನಿಗಿರುವ ಬ್ರೇಕರ್‌ಗಳನ್ನು, ಅಂದರೆ ಎಂಸಿಬಿಗಳನ್ನು, ಒಂದೊಂದಾಗಿ ಇಳಿಸಿದೆ. ಎಲ್ಲ ಎಂಸಿಬಿ ಕೆಳಗಿದ್ದಾಗಲೂ ಬಿತ್ತು. ನಮ್ಮ ಎಂಸಿಬಿಗಳು ಕರೆಂಟ್ ತರುವ ಫೇಸ್ ತಂತಿಯನ್ನು ಮಾತ್ರ ಕಡಿಯುತ್ತವೆ, ಅದು ವಾಪಸ್ ಹೋಗುವ ನ್ಯೂಟ್ರಲ್ ತಂತಿಯನ್ನಲ್ಲ. ಹಾಗಾಗಿ ತೊಂದರೆ ನ್ಯೂಟ್ರಲ್ ಕಡೆ ಇದೆ ಅಂತ ಅಲ್ಲಿಗೇ ಗೊತ್ತಾಯಿತು.

ಆರ್‌ಸಿಸಿಬಿ ಹಾಕಲು ಬಂದಿದ್ದ ಎಲೆಕ್ಟ್ರಿಷಿಯನ್ ಮತ್ತೆ ಬಂದು ನೋಡಿದರು. "ಸಾರ್, ಈ ಪೀಸೇ ಸರಿ ಇಲ್ಲ. ತೆಗೆದು ಡೈರೆಕ್ಟ್ ಕೊಟ್ಟುಬಿಡ್ತೀನಿ, ಆರಾಮಾಗಿರಿ" ಅಂದರು. ನಾನು ಬೇಡ ಅಂದೆ. ನಾನು ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸ ಮಾಡುವವನು. ಆರ್‌ಸಿಸಿಬಿ ಟೆಸ್ಟರ್ ತಂದು ಕರೆಂಟನ್ನು ನಿಧಾನವಾಗಿ ಏರಿಸುತ್ತಾ ನೋಡಿದೆ. 23 ಮಿಲಿಆಂಪ್‌ಗೆ ಬಿತ್ತು. 30ರ ಪೀಸು 15ರಿಂದ 30ರ ಒಳಗೆ ಬೀಳಬೇಕು, ಸರಿಯಾಗೇ ಇತ್ತು.

ನಿಜವಾದ ಸುಳಿವು ಕೊಟ್ಟವರು ಎದುರು ಮನೆಯ ಅಮ್ಮ. "ನಿಮ್ಮ ಮನೆ ಕರೆಂಟ್ ಹೋದಾಗಲೆಲ್ಲ ಈ ಮೆಟ್ಟಿಲ ಲೈಟೂ ಹೋಗುತ್ತಲ್ಲಪ್ಪಾ, ಯಾಕೆ?"

ಮೆಟ್ಟಿಲ ಲೈಟು ಕಾಮನ್ ಬೋರ್ಡಿಗೆ ಸೇರಿದ್ದು. ಅದರ ಮೀಟರೇ ಬೇರೆ. ನಮ್ಮ ಮನೆಯ ಬ್ರೇಕರ್ ಬಿದ್ದರೆ ಅದು ಆರಬಾರದು. ಆರುತ್ತಿದೆ ಎಂದರೆ ಅದರ ಫೇಸ್ ಕಾಮನ್ ಬೋರ್ಡಿನಿಂದ ಬಂದು, ನ್ಯೂಟ್ರಲ್ ಮಾತ್ರ ನಮ್ಮ ಮನೆಯ ಮೂಲಕ ಹಿಂತಿರುಗುತ್ತಿದೆ ಅಂತ ಅರ್ಥ. ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ: ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಲೆಕ್ಕ ನೋಡುವುದು. ನಮ್ಮ ಮಹಡಿಯಲ್ಲಿದ್ದದ್ದು 60 ವಾಟಿನ ಹಳೆಯ ಫಿಲಮೆಂಟ್ ಬಲ್ಬ್. 230 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 260 ಮಿಲಿಆಂಪ್. ನಮ್ಮ ಫೇಸಿನಲ್ಲಿ ಹೋಗದ 260 ಮಿಲಿಆಂಪ್ ನಮ್ಮ ನ್ಯೂಟ್ರಲ್‌ನಲ್ಲಿ ಬಂದರೆ ಆರ್‌ಸಿಸಿಬಿ ಬೀಳದೆ ಇನ್ನೇನು ಮಾಡೀತು?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯೋಚಿಸಿ ನೋಡಿ. ಆರ್‌ಸಿಸಿಬಿ ಬಿದ್ದಾಗ ಫೇಸನ್ನೂ ನ್ಯೂಟ್ರಲನ್ನೂ ಎರಡನ್ನೂ ಕಡಿಯುತ್ತದೆ. ಮೆಟ್ಟಿಲ ಸ್ವಿಚ್ ಆನ್ ಇದ್ದರೆ ಕಾಮನ್ ಫೇಸ್ ಆ ಬಲ್ಬಿನ ಮೂಲಕ ನಮ್ಮ ನ್ಯೂಟ್ರಲ್ ಬಾರಿಗೆ (ಮನೆಯ ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಪಟ್ಟಿ) ಬಂದು ನಿಲ್ಲುತ್ತದೆ. ಹಿಂತಿರುಗಲು ದಾರಿ ಇಲ್ಲ, ಬಲ್ಬ್ ಉರಿಯುವುದಿಲ್ಲ. ಆದರೆ ಮನೆಯ ಪ್ರತಿ ಸಾಕೆಟ್ಟಿನ, ಪ್ರತಿ ಹೋಲ್ಡರಿನ ನ್ಯೂಟ್ರಲ್ ತಂತಿಯಲ್ಲಿ 230 ವೋಲ್ಟ್ ಇರುತ್ತದೆ. ಮನೆ ಕತ್ತಲು. "ಕರೆಂಟ್ ಇಲ್ಲ" ಅಂತ ಎಲ್ಲರೂ ನಂಬಿರುವ ಹೊತ್ತು. ಒಂಬತ್ತು ಸಂಜೆ ನಾವು ಹಾಗೆ ಕೂತಿದ್ದೆವು.

ಭಾನುವಾರ ಬೆಳಿಗ್ಗೆ, ಮೀಟರ್ ರೂಮ್

ಡಿಬಿ ಬಾಕ್ಸ್ (ಮನೆಯ ಬ್ರೇಕರ್‌ಗಳೆಲ್ಲ ಇರುವ ಪೆಟ್ಟಿಗೆ) ಬಿಚ್ಚುವ ಮುಂಚೆ ನಮ್ಮ ಮನೆಗೆ ಎಲ್ಲೆಲ್ಲಿಂದ ಕರೆಂಟ್ ಬರಬಹುದು ಅಂತ ಕಾಗದದ ಮೇಲೆ ಬರೆದೆ. ನಮ್ಮ ಮೀಟರಿನ ಲೈನ್ ಒಂದು. ಮನೆಯೊಳಗಿನ ಇನ್ವರ್ಟರ್ ಇನ್ನೊಂದು. ಮೇನ್ ಇಳಿಸಿದ ತಕ್ಷಣ ಅದು ಶುರುವಾಗಿ ಲೈಟು ಫ್ಯಾನಿನ ಫೇಸಿಗೆ ಕರೆಂಟ್ ಕೊಡುತ್ತದೆ. ಕಟ್ಟಡದ ಜನರೇಟರಿನಿಂದ ಮನೆಗಳಿಗೆ ಬರುವ ಬ್ಯಾಕಪ್ ಲೈನ್ ಮೂರನೆಯದು. ಈಗ ಗೊತ್ತಾದ ಮೆಟ್ಟಿಲ ಲೈಟು ನಾಲ್ಕನೆಯದು. ಒಂಟಿ ಮನೆಯಲ್ಲಿ ಒಂದು ಮೇನ್ ಸ್ವಿಚ್ ಇಳಿಸಿ ಸಮಾಧಾನ ಪಡಬಹುದೇನೋ. ಅಪಾರ್ಟ್‌ಮೆಂಟಿನಲ್ಲಿ ಹಾಗಾಗುವುದಿಲ್ಲ. ನಮ್ಮ ಗೋಡೆಯೊಳಗೆ ಬೇರೆಯವರ ತಂತಿ ಇರಬಹುದು, ಅವರ ಗೋಡೆಯೊಳಗೆ ನಮ್ಮದು.

ಮೀಟರ್ ರೂಮಿನಲ್ಲಿ ಸ್ವಿಚ್‌ಗಳ ಮೇಲೆ ಮನೆ ನಂಬರ್ ಬರೆದಿತ್ತು. ಬರೆದದ್ದನ್ನು ನಂಬಲಿಲ್ಲ. ಮೀಟರ್ ಬದಲಾಯಿಸಿದಾಗ, ಪೇಂಟ್ ಹೊಡೆದಾಗ ನಂಬರ್ ಅದಲು ಬದಲಾಗುವುದು ಜಾಸ್ತಿ. ಪರೀಕ್ಷೆ ಮಾಡುವ ಸುಲಭ ದಾರಿ ಇಸ್ತ್ರಿಪೆಟ್ಟಿಗೆ. ಮನೆಯಲ್ಲಿ ಉಳಿದದ್ದೆಲ್ಲ ಆಫ್ ಮಾಡಿ 1000 ವಾಟಿನ ಇಸ್ತ್ರಿಪೆಟ್ಟಿಗೆ ಒಂದನ್ನೇ ಆನ್ ಮಾಡಿಸಿದೆ. ನಮ್ಮ ಮೀಟರ್ ಯೂನಿಟ್ಟಿಗೆ 3200 ಸಲ ಮಿನುಗುವಂಥದ್ದು, ಹಾಗಂತ ಅದರ ಮುಖದ ಮೇಲೇ ಬರೆದಿರುತ್ತದೆ. ಗಂಟೆಗೆ 3200 ಎಂದರೆ ಹತ್ತು ಮಿನುಗಿಗೆ 11 ಸೆಕೆಂಡ್ ಚಿಲ್ಲರೆ. ಫೋನಿನಲ್ಲಿ ಮಗಳಿಗೆ "ಆನ್ ಮಾಡು, ಆಫ್ ಮಾಡು" ಅನ್ನುತ್ತಾ ಕೆಂಪು ದೀಪ ಎಣಿಸಿದೆ. ನಮ್ಮ ನಂಬರ್ ಬರೆದಿದ್ದ ಮೀಟರ್ ಅಲುಗಲೇ ಇಲ್ಲ. ಪಕ್ಕದ್ದು ಎಣಿಸಿದಂತೆ ಮಿನುಗಿತು. ಎರಡು ಮನೆಗಳ ನಂಬರ್ ಅದಲು ಬದಲಾಗಿತ್ತು. ಬರೆದದ್ದನ್ನು ನೋಡಿ ಇಳಿಸಿದ್ದರೆ ಎದುರು ಮನೆಯವರದು ಹೋಗುತ್ತಿತ್ತು, ನಮ್ಮದು ಹಾಗೇ ಇರುತ್ತಿತ್ತು.

ಮೀಟರಿನ ಮೇಲಿನ ಸೀಲ್, ಅದಕ್ಕಿಂತ ಮುಂಚಿನ ಫ್ಯೂಸ್ ವಿದ್ಯುತ್ ಕಂಪನಿಯ ಸ್ವತ್ತು. ಅದನ್ನು ಮುಟ್ಟಲಿಲ್ಲ. ಮೀಟರ್ ದಾಟಿದ ಮೇಲೆ ನಮ್ಮ ಕಡೆಗಿರುವ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಎರಡು ಪೋಲಿನ ಸ್ವಿಚ್ ಇಳಿಸಿ ನನ್ನ ಬೀಗ ಹಾಕಿದೆ. ಬೀಗದ ಕೀ ನನ್ನ ಜೇಬಿನಲ್ಲಿ. ಚೀಟಿಯಲ್ಲಿ ಹೆಸರು, ಫೋನ್ ನಂಬರ್, ಹೊತ್ತು, ಏನು ಕೆಲಸ ಅಂತ ಬರೆದು ನೇತು ಹಾಕಿದೆ. ಮೀಟರ್ ರೂಮಿಗೆ ಯಾರು ಬೇಕಾದರೂ ಬರುತ್ತಾರೆ. "ಅಯ್ಯೋ, ಇದ್ಯಾಕೆ ಕೆಳಗಿದೆ" ಅಂತ ಒಳ್ಳೆಯ ಮನಸ್ಸಿನಿಂದಲೇ ಮೇಲೆತ್ತುವವರು ಇರುತ್ತಾರೆ. ಬೀಗ ಇಲ್ಲದ ಸ್ವಿಚ್‌ಗೆ ಚೀಟಿ ಮಾತ್ರ ಸಾಲದು.

ಮನೆಗೆ ಬಂದು ಇನ್ವರ್ಟರ್ ಆಫ್ ಮಾಡಿ, ಅದರ ಔಟ್‌ಪುಟ್ ಬಿಡಿಸಿ, ಬ್ಯಾಟರಿ ವೈರನ್ನೂ ಕಳಚಿದೆ. ಜನರೇಟರ್ ಲೈನಿನ ಸ್ವಿಚ್‌ಗೂ ಬೀಗ. ಡಿಬಿಯ ಮೇನ್ ಆಫ್.

ಅದೇ ಬೆಳಿಗ್ಗೆ, 10.20

ಪರೀಕ್ಷೆಗೆ ಎರಡು ಮೊನೆಯ ವೋಲ್ಟೇಜ್ ಟೆಸ್ಟರ್ ಬಳಸಿದೆ. ಸ್ಕ್ರೂಡ್ರೈವರ್ ಟೆಸ್ಟರ್ ಬೇಡ. ಅದರ ನಿಯಾನ್ ದೀಪ ಬಿಸಿಲಿನಲ್ಲಿ ಕಾಣುವುದಿಲ್ಲ, ಒಣ ಚಪ್ಪಲಿ ಹಾಕಿ ಮಣೆಯ ಮೇಲೆ ನಿಂತರೆ ಹತ್ತುವುದೇ ಅನುಮಾನ. ದೀಪ ಹತ್ತಲಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅಂತ ಅಲ್ಲ. ತಂತಿ ಹತ್ತಿರ ಹಿಡಿದರೆ ಪೀ ಪೀ ಎನ್ನುವ ಪೆನ್ನು ಎಲ್ಲಿ ಕರೆಂಟ್ ಇದೆ ಅಂತ ಹುಡುಕಲು ಸರಿ, ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಸಾಲದು. ಟೆಸ್ಟರ್ ಕೂಡ ಎಲ್ಲಿ ಬಳಸುತ್ತೇವೋ ಅದಕ್ಕೆ ತಕ್ಕದ್ದಿರಬೇಕು: ಡಿಬಿಗೆ ಕ್ಯಾಟ್ 3, ಮೀಟರ್ ಹತ್ತಿರಕ್ಕೆ ಕ್ಯಾಟ್ 4 (ಕ್ಯಾಟ್ ಅಂದರೆ ಟೆಸ್ಟರಿನ ಸುರಕ್ಷತೆಯ ದರ್ಜೆ).

ಮೊದಲು ಮೆಟ್ಟಿಲ ಹತ್ತಿರದ ಕಾಮನ್ ಸಾಕೆಟ್ಟಿನಲ್ಲಿ ಟೆಸ್ಟರ್ ಹಿಡಿದೆ. 229 ತೋರಿಸಿತು, ಟೆಸ್ಟರ್ ಬದುಕಿದೆ. ಆಮೇಲೆ ನಮ್ಮ ಡಿಬಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸೊನ್ನೆ. ಫೇಸ್ ಮತ್ತು ಅರ್ಥ್ ನಡುವೆ ಸೊನ್ನೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆಯೂ ಸೊನ್ನೆ. ಮತ್ತೆ ಕಾಮನ್ ಸಾಕೆಟ್ಟಿಗೆ ಹೋಗಿ ಟೆಸ್ಟರ್ ಇನ್ನೂ ಬದುಕಿದೆಯಾ ಅಂತ ನೋಡಿ ಬಂದೆ. ಪುಸ್ತಕದ ಪ್ರಕಾರ ಇಷ್ಟಾದರೆ ಲೈನ್ ಸತ್ತಿದೆ.

ಮೆಟ್ಟಿಲ ಲೈಟಿನ ಅನುಮಾನ ಇದ್ದದ್ದರಿಂದ ಇನ್ನೊಂದು ಕೆಲಸ ಮಾಡಿದೆ. ಮಲ್ಟಿಮೀಟರಿಗೆ ಕ್ರೊಕೊಡೈಲ್ ಕ್ಲಿಪ್ ಸಿಕ್ಕಿಸಿ ಒಂದನ್ನು ನ್ಯೂಟ್ರಲ್ ಬಾರಿಗೂ ಇನ್ನೊಂದನ್ನು ಅರ್ಥ್ ಬಾರಿಗೂ ಕಚ್ಚಿಸಿ, ಮೀಟರನ್ನು ಡಿಬಿ ಬಾಗಿಲ ಮೇಲೆ ಕಾಣುವ ಹಾಗೆ ಇಟ್ಟೆ. ಮನೆಯ ಹೊರಬಾಗಿಲು ತೆರೆದಿತ್ತು. 0.0, 0.1, 0.0 ಅಂತ ಅಂಕಿ ಆಡುತ್ತಿತ್ತು. ಮೇಲಿನ ಮಹಡಿಯ ಹುಡುಗನೊಬ್ಬ ಇಳಿದು ಬರುತ್ತಾ ಅಭ್ಯಾಸಬಲದಿಂದ ಮೆಟ್ಟಿಲ ಸ್ವಿಚ್ ಒತ್ತಿದ. ಟಕ್. ಲೈಟ್ ಹತ್ತಲಿಲ್ಲ. ಮೀಟರಿನಲ್ಲಿ 227.

ನಾನು ಆ ಹೊತ್ತಿಗೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ. ಅವನು ಐದು ನಿಮಿಷ ಬಿಟ್ಟು ಒತ್ತಿದ್ದರೆ ಬಲಗೈ ಬೆರಳು ನ್ಯೂಟ್ರಲ್ ತಂತಿಯ ಮೇಲಿರುತ್ತಿತ್ತು, ಎಡಗೈ ಅರ್ಥ್ ಆಗಿರುವ ಡಿಬಿಯ ತಗಡಿನ ಮೇಲೆ. ಹುಡುಗನನ್ನು ಕರೆದು ಸ್ವಿಚ್ ಹಾಗೇ ಇರಲಿ ಅಂದೆ.

ಕೆಲವೊಮ್ಮೆ ಮಲ್ಟಿಮೀಟರ್ ಸುಳ್ಳು ವೋಲ್ಟೇಜ್ ತೋರಿಸುತ್ತದೆ. ಪಕ್ಕದ ಲೈವ್ ತಂತಿಯಿಂದ ಸುಮ್ನೆ ಹಾಯ್ದು ಬಂದದ್ದು, ಸ್ವಲ್ಪ ಲೋಡ್ ಹಾಕಿದರೆ ಬಿದ್ದುಹೋಗುತ್ತದೆ. ಹಾಗಾಗಿ ಎರಡು ಮೊನೆಯ ಟೆಸ್ಟರ್ ಹಿಡಿದು ಅದರ ಲೋಡ್ ಬಟನ್ ಒತ್ತಿದೆ. ಐದು ವೋಲ್ಟ್ ಕೂಡ ಇಳಿಯಲಿಲ್ಲ. ನಿಜವಾದ ಕರೆಂಟ್. "ಬಲ್ಬಿನ ಮೂಲಕ ಬರೋದಲ್ವಾ, ಅಷ್ಟೇನೂ ಆಗಲ್ಲ" ಅನ್ನುವವರನ್ನು ಕೇಳಿದ್ದೇನೆ. ಫಿಲಮೆಂಟ್ ಬಿಸಿಯಿದ್ದಾಗ 880 ಓಮ್ ಆಸುಪಾಸು, ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗ. ನಮ್ಮ ದೇಹ ಒಂದು, ಎರಡು ಸಾವಿರ ಓಮ್. ಎರಡೂ ಸೇರಿ ತಡೆದರೂ ಹರಿಯುವುದು ನೂರು ಮಿಲಿಆಂಪ್ ಮೇಲೇ. ಆರ್‌ಸಿಸಿಬಿಯ ಮಿತಿ 30 ಅಂತ ಇಟ್ಟಿರುವುದು ಸುಮ್ಮನೆ ಅಲ್ಲ.

ಆ ದಿನ ಅಲ್ಲಿಗೇ ನಿಲ್ಲಿಸಿದೆ. ಡಿಬಿ ಮುಚ್ಚಳ ಹಾಕಿದೆ. ಮೆಟ್ಟಿಲ ಬಲ್ಬ್ ಕಳಚಿಟ್ಟು ಅಸೋಸಿಯೇಷನ್ ಕಾರ್ಯದರ್ಶಿಯವರ ಮನೆಗೆ ಹೋದೆ. ನನ್ನೊಬ್ಬನ ಮನೆಯ ಸ್ವಿಚ್‌ನಿಂದ ಮುಗಿಯುವ ಕೆಲಸ ಇದಲ್ಲ ಅಂತ ಅವರಿಗೆ ಮೀಟರಿನ ಫೋಟೋ ತೋರಿಸಿ ಹೇಳಿದೆ.

ವಾರದ ನಡುವೆ

ಕಟ್ಟಡದ ಕಾಮನ್ ಬೋರ್ಡ್ ನೋಡಿಕೊಳ್ಳುವ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೊತೆ ಕೂತು ಪ್ಲಾನ್ ಮಾಡಿದೆವು. ವಯಸ್ಸಾದವರು, ಕೆಲಸದಲ್ಲಿ ನಿಧಾನಸ್ಥರು. ನನಗೆ ಧೈರ್ಯ ಬಂದದ್ದು ಅವರ ಮೊದಲ ಪ್ರಶ್ನೆಯಿಂದ: "ಜನರೇಟರ್ ಆಟೋದಲ್ಲಿದೆ, ಗೊತ್ತಾ ಸಾರ್?" ಕಾಮನ್ ಬೋರ್ಡಿನ ಇನ್‌ಕಮರ್ (ಒಳಬರುವ ಲೈನಿನ ಮುಖ್ಯ ಸ್ವಿಚ್) ಇಳಿಸಿದರೆ ಕರೆಂಟ್ ಹೋಯಿತು ಅಂತ ತಿಳಿದು ಜನರೇಟರ್ ತಾನಾಗಿ ಶುರುವಾಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಅದೇ ಬೋರ್ಡಿಗೆ ಮತ್ತೆ ಕರೆಂಟ್ ಬರುತ್ತದೆ. ಅದೂ ಅಲ್ಲದೆ ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಳ್ಳಬಹುದು. ಹಾಗಾಗಿ ಚೇಂಜ್‌ಓವರ್ (ಲೈನಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್) ದಾಟಿದ ಮೇಲಿನ, ಮೆಟ್ಟಿಲ ಲೈಟಿನ ಎಂಸಿಬಿಯನ್ನು ಮಾತ್ರ ಇಳಿಸಿ ಬೀಗ ಹಾಕುವುದು ಅಂತ ಆಯಿತು. ಕರೆಂಟ್ ಎಲ್ಲಿಂದ ಬಂದರೂ ಅಲ್ಲಿ ನಿಲ್ಲುತ್ತದೆ.

ಅವರು ಇನ್ನೊಂದು ಮಾತು ಹೇಳಿದರು. ಏನೇ ಆದರೂ ಕಾಮನ್ ಬೋರ್ಡಿನ ಮುಖ್ಯ ನ್ಯೂಟ್ರಲ್ ಲಿಂಕ್ ಮುಟ್ಟಬಾರದು. ಮೂರು ಫೇಸಿನ ಕಟ್ಟಡದಲ್ಲಿ ಲೋಡ್ ಇರುವಾಗ ಅದನ್ನು ಬಿಚ್ಚಿದರೆ ಬೇರೆ ಬೇರೆ ಫೇಸಿನ ಲೋಡ್‌ಗಳು ಒಂದರ ಹಿಂದೆ ಒಂದು ಸೇರಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಒಂದು ಕಡೆ 1000 ವಾಟಿನ ಹೀಟರ್, ಇನ್ನೊಂದು ಕಡೆ 100 ವಾಟಿನ ಬಲ್ಬ್ ಮಾತ್ರ ಇದ್ದರೆ ಬಲ್ಬಿನ ಪಾಲಿಗೆ 360 ವೋಲ್ಟ್ ಮೇಲೆ ಬೀಳುತ್ತದೆ. ಕಡಿಮೆ ಲೋಡ್ ಇರುವ ಮನೆಯ ಟಿವಿ, ಫ್ರಿಜ್ ಸುಡುವುದು ಹೀಗೆ.

ಎಲ್ಲ ಮಹಡಿಗೂ ಹಿಂದಿನ ದಿನವೇ ನೋಟಿಸ್ ಅಂಟಿಸಿದೆವು. ಮೆಟ್ಟಿಲಲ್ಲಿ ಹಗಲು ಬೆಳಕು ಚೆನ್ನಾಗಿರುವ ಹೊತ್ತನ್ನೇ ಆರಿಸಿಕೊಂಡೆವು.

ಮುಂದಿನ ಭಾನುವಾರ

ಇಲ್ಲಿ ಒಂದು ಹಳ್ಳ ಇತ್ತು, ಅದರಲ್ಲಿ ಬೀಳುವುದು ಬಹಳ ಸುಲಭ. ಮೊದಲು ನಮ್ಮ ಮನೆಯ ಲೈನ್ ಇಳಿಸಿ, ಆಮೇಲೆ ಕಾಮನ್ ಬೋರ್ಡಿಗೆ ಹೋಗಿ ಯಾವುದೋ ಎಂಸಿಬಿ ಇಳಿಸಿ "ಮೆಟ್ಟಿಲ ಲೈಟ್ ಆರಿದೆ, ಇದೇ" ಅಂದುಕೊಂಡರೆ ಮೋಸ. ನಮ್ಮ ನ್ಯೂಟ್ರಲ್ ಹೋದಾಗಲೇ ಆ ಲೈಟ್ ಆರಿರುತ್ತದೆ. ಅದರ ಫೇಸ್ ಇನ್ನೂ ಬದುಕಿರುತ್ತದೆ. ಆದ್ದರಿಂದ ಮೊದಲು ಲೈಟ್ ಉರಿಯುವ ಹಾಗೆ ಮಾಡಬೇಕಿತ್ತು. ಅದಕ್ಕೆ ಆರ್‌ಸಿಸಿಬಿ ಬಿಡುವುದಿಲ್ಲ. ಹಾಗಾಗಿ ಲೈಟಿನ ಹೊಳಪನ್ನು ನೋಡುವುದು ಬಿಟ್ಟು, ಸ್ವಿಚ್ ಬಾಕ್ಸಿನಲ್ಲಿ ಫೇಸಿನಿಂದ ಅರ್ಥ್‌ಗೆ ಟೆಸ್ಟರ್ ಹಿಡಿದೆ. 229. ಕೆಳಗಿನಿಂದ ಎಲೆಕ್ಟ್ರಿಷಿಯನ್ ಎಂಸಿಬಿ ಇಳಿಸಿದರು, ಸೊನ್ನೆ. ಎತ್ತಿದರು, 229. ಮತ್ತೆ ಇಳಿಸಿದರು, ಸೊನ್ನೆ. ಎಂಸಿಬಿಗೆ ಲಾಕ್ ಕ್ಲಿಪ್ ಹಾಕಿ, ಅದಕ್ಕೆ ಎರಡು ಬೀಗ: ನನ್ನದೊಂದು, ಅವರದೊಂದು. ಇಬ್ಬರೂ ತೆಗೆಯದೆ ಎಂಸಿಬಿ ಮೇಲೇಳುವುದಿಲ್ಲ. ಆಮೇಲೆ ನಮ್ಮ ಮನೆಯ ಮೂರೂ ಲೈನಿಗೆ ಹಿಂದಿನ ವಾರದಂತೆ ಬೀಗ, ಮತ್ತೆ ಪೂರ್ತಿ ಪರೀಕ್ಷೆ. ಈ ಸಲ ಕಳಚಿಟ್ಟಿದ್ದ ಬಲ್ಬನ್ನು ಮತ್ತೆ ಹಾಕಿ, ಮೆಟ್ಟಿಲ ಸ್ವಿಚ್ ಆನ್ ಇಟ್ಟುಕೊಂಡೂ ನೋಡಿದೆವು, ಆಫ್ ಇಟ್ಟುಕೊಂಡೂ ನೋಡಿದೆವು.

ನಮ್ಮ ಬಾಗಿಲ ಲೈಟಿನ ಮೇಲಿದ್ದ ಜಂಕ್ಷನ್ ಬಾಕ್ಸ್ ಬಿಚ್ಚಿದಾಗ ಎಲ್ಲ ಕಣ್ಣಿಗೆ ಕಂಡಿತು. ನಮ್ಮ ಬಾಗಿಲ ಲೈಟಿನ ನ್ಯೂಟ್ರಲ್ ಮತ್ತು ಮೆಟ್ಟಿಲ ಲೈಟಿನ ನ್ಯೂಟ್ರಲ್ ಒಟ್ಟಿಗೆ ಹೊಸೆದು ಟೇಪ್ ಸುತ್ತಿದ್ದರು. ಟೇಪಿನ ಗೋಂದು ಕರಗಿ ಬೆರಳಿಗೆ ಅಂಟುತ್ತಿತ್ತು. ಒಳಗೆ ತಾಮ್ರ ಕಪ್ಪಾಗಿತ್ತು. ಕೆಳಗಿನ ಮಹಡಿಯಿಂದ ಬರಬೇಕಿದ್ದ ಮೂಲ ನ್ಯೂಟ್ರಲ್‌ನ ತುಂಡು ಪೈಪಿನ ಬಾಯಿಯಲ್ಲೇ ಮುದುಡಿಕೊಂಡಿತ್ತು. ಎಳೆದರೆ ಗೇಣುದ್ದ ಕೈಗೆ ಬಂತು. ಎಂದೋ ಪೈಪ್ ಒಳಗೆ ತುಂಡಾಗಿದೆ, ಹೊಸದು ಎಳೆಯಲು ಆಗದೆ ಹತ್ತಿರ ಸಿಕ್ಕ ನ್ಯೂಟ್ರಲ್‌ಗೆ ಸೇರಿಸಿದ್ದಾರೆ. ಲೈಟ್ ಹತ್ತಿತು, ಕೆಲಸ ಆಯಿತು.

ಪೈಪ್ ಕಟ್ಟಿಕೊಂಡಿದ್ದರಿಂದ ಕೆಳಗಿನ ಮಹಡಿಯ ಬಾಕ್ಸಿನಿಂದ ಗೋಡೆ ಮೇಲೆ ಪಿವಿಸಿ ಕೇಸಿಂಗ್ ಹೊಡೆದು 1.5 ಚದರ ಮಿಲಿಮೀಟರಿನ ಹೊಸ ನ್ಯೂಟ್ರಲ್ ಎಳೆದೆವು. ಅದಕ್ಕೂ ಮುಂಚೆ ಆ ಕೆಳಗಿನ ನ್ಯೂಟ್ರಲ್ ನಿಜವಾಗಿ ಕಾಮನ್ ಬೋರ್ಡಿನದೇ ಅಂತ ಖಾತ್ರಿ ಆಗಬೇಕಿತ್ತು. ಬಣ್ಣ ನೋಡಿ ಹೇಳುವ ಹಾಗಿಲ್ಲ. ನೀಲಿ ತಂತಿ ಹೊಸ ಪದ್ಧತಿಯಲ್ಲಿ ನ್ಯೂಟ್ರಲ್, ಹಳೆಯ ಮೂರು ಫೇಸಿನ ಪದ್ಧತಿಯಲ್ಲಿ ಒಂದು ಫೇಸ್. ಅವರು ಕಾಮನ್ ಬೋರ್ಡಿನಲ್ಲಿ ಆ ನ್ಯೂಟ್ರಲ್ ತಂತಿಗೆ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವಂಥದ್ದು) ಹಾಕಿ ಸೊನ್ನೆ ಇದೆ ಅಂತ ನೋಡಿಕೊಂಡೇ ಬಾರಿನಿಂದ ಬಿಚ್ಚಿದರು. ಎಂಸಿಬಿ ಆಫ್ ಇದ್ದರೂ ಅಲ್ಲಿ ಕರೆಂಟ್ ಹರಿಯುತ್ತಿದ್ದರೆ ಇನ್ಯಾರೋ ಅದನ್ನು ಎರವಲು ತೆಗೆದುಕೊಂಡಿದ್ದಾರೆ ಅಂತ ಅರ್ಥ. ಉದ್ದನೆಯ ವೈರ್ ಬಿಟ್ಟು ಕಂಟಿನ್ಯೂಟಿ (ತಂತಿ ಎರಡು ತುದಿಗೂ ಒಂದೇ ಆಗಿದೆಯಾ ಅಂತ) ನೋಡಿದರೆ 0.6 ಓಮ್. ಅದೇ ತಂತಿ.

ಎರಡು ಸಪ್ಲೈಗಳು ಒಂದೇ ಬಾಕ್ಸಿನಲ್ಲಿ ಇರುವುದು ನನಗೆ ಒಪ್ಪಿಗೆ ಇರಲಿಲ್ಲ. ನಮ್ಮ ಬಾಗಿಲ ಲೈಟಿಗೆ ಬೇರೆ ಬಾಕ್ಸ್ ಹಾಕಿದೆ. ಹೊಸೆದ ಜಾಯಿಂಟ್ ಬದಲು ಸ್ಕ್ರೂ ಕನೆಕ್ಟರ್. ಬಲ್ಬ್‌ಗಳನ್ನು ಕಳಚಿ, ನಮ್ಮ ನ್ಯೂಟ್ರಲನ್ನೂ ಮೆಟ್ಟಿಲ ನ್ಯೂಟ್ರಲನ್ನೂ ಎರಡೂ ಬೋರ್ಡಿನಲ್ಲಿ ಬಿಚ್ಚಿಟ್ಟು ಅವುಗಳ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿದೆವು. ಬಿಚ್ಚದೆ ಹಾಕಿದರೆ ಮೀಟರ್ ಆಚೆ ಎಲ್ಲ ನ್ಯೂಟ್ರಲ್ ಒಂದೇ ಆಗಿರುವುದರಿಂದ ಏನೂ ಗೊತ್ತಾಗುವುದಿಲ್ಲ. ಕನಿಷ್ಠ 1 ಮೆಗಾಓಮ್ ಬೇಕು. ಬಂದದ್ದು 200ಕ್ಕೂ ಮೇಲೆ.

ಬಿಚ್ಚಿದ ನ್ಯೂಟ್ರಲ್‌ಗಳನ್ನು ಮೊದಲು ಬಾರಿಗೆ ಸೇರಿಸಿ ಬಿಗಿ ಮಾಡಿ, ಮುಚ್ಚಳಗಳನ್ನು ಹಾಕಿ, ಸಾಮಾನು ಎಣಿಸಿ, ಅವರ ಬೀಗ ಅವರು ತೆಗೆದರು, ನನ್ನದು ನಾನು. ಮೆಟ್ಟಿಲಿಗೆ 9 ವಾಟಿನ ಎಲ್‌ಇಡಿ ಹಾಕಿದೆವು.

ಸಂಜೆ 6.40ಕ್ಕೆ ಎದುರು ಮನೆಯ ಅಮ್ಮನೇ ಮೆಟ್ಟಿಲ ಸ್ವಿಚ್ ಒತ್ತಿದರು. ಲೈಟ್ ಹತ್ತಿತು, ಆರ್‌ಸಿಸಿಬಿ ನಿಂತಿತು. ಲೀಕೇಜ್ ಕ್ಲ್ಯಾಂಪನ್ನು ನಮ್ಮ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದೆ: 4 ಮಿಲಿಆಂಪ್. ಫ್ರಿಜ್, ಕಂಪ್ಯೂಟರ್ ಫಿಲ್ಟರಿನದು, ಅಷ್ಟು ಇರುವಂಥದ್ದೇ. ಆಮೇಲೆ ಬೇಕಂತಲೇ ಆರ್‌ಸಿಸಿಬಿ ಇಳಿಸಿ, ಮೆಟ್ಟಿಲ ಲೈಟ್ ಉರಿಯುತ್ತಿರುವಾಗಲೇ ನಮ್ಮ ನ್ಯೂಟ್ರಲ್‌ನಿಂದ ಅರ್ಥ್‌ಗೆ ನೋಡಿದೆ. ಸೊನ್ನೆ. ಹತ್ತು ನಿಮಿಷ ಕ್ಲಿಪ್ ಹಾಗೇ ಬಿಟ್ಟು ಕಾದೆ. ಸೊನ್ನೆಯೇ.

ಡಿಬಿ ಬಾಗಿಲ ಒಳಗೆ ನಾಲ್ಕು ಸಾಲು ಬರೆದು ಅಂಟಿಸಿದೆ: ಮೀಟರ್ ರೂಮಿನಲ್ಲಿ ಎಡದಿಂದ ಮೂರನೇ ಸ್ವಿಚ್, ಇನ್ವರ್ಟರ್, ಜನರೇಟರ್ ಲೈನ್, ಮತ್ತು "ನ್ಯೂಟ್ರಲ್‌ನಿಂದ ಅರ್ಥ್‌ಗೂ ಪರೀಕ್ಷೆ ಮಾಡಿ". ಮೀಟರ್ ರೂಮಿನ ಎರಡು ನಂಬರ್‌ಗಳನ್ನು ಕಾರ್ಯದರ್ಶಿಯವರ ಎದುರಿಗೇ ಅದಲು ಬದಲು ಮಾಡಿ ಸರಿಪಡಿಸಿದೆವು. ಕ್ಲ್ಯಾಂಪ್ ಹಿಡಿದು ಉಳಿದ ಮಹಡಿಗಳನ್ನು ನೋಡುತ್ತಾ ಹೋದಾಗ ನಾಲ್ಕನೇ ಮಹಡಿಯ ಒಂದು ಮನೆಯಲ್ಲೂ ಸಂಜೆ ಹೊತ್ತು 0.26 ಆಂಪ್ ವ್ಯತ್ಯಾಸ ಸಿಕ್ಕಿತು. ಆ ಮನೆಯಲ್ಲಿ ಆರ್‌ಸಿಸಿಬಿ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಅವರ ಮಹಡಿಯ ಮೆಟ್ಟಿಲ ಬಲ್ಬ್ ಈಗ ಕಳಚಿಟ್ಟಿದ್ದೇವೆ. ಬರುವ ಭಾನುವಾರದ ಕೆಲಸಕ್ಕೆ ಅಲ್ಲಿ ನೋಟಿಸ್ ಅಂಟಿಸಿ ಆಗಿದೆ.